ನಾಲ್ವರು ಸೇರಿ ಬರೆದ ಒಂದು ಕಣ್ಣು

ಒಬ್ಬನೇ ಕೂತು ಚಿತ್ರ ಬರೆಯುವುದರಲ್ಲಿ ಒಂದು ದೊಡ್ಡ ಅನಾನುಕೂಲವಿದೆ. ಚಿತ್ರ ಕೆಟ್ಟರೆ ಬೈಯಲು ಬೇರೆ ಯಾರೂ ಸಿಗುವುದಿಲ್ಲ. ದೊಡ್ಡಬಳ್ಳಾಪುರದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದ ನಾನು ಈ ಕಷ್ಟವನ್ನು ವರ್ಷಗಟ್ಟಲೆ ಅನುಭವಿಸಿದವನು. ಹಗಲೆಲ್ಲ ಮಕ್ಕಳಿಗೆ ಹೂದಾನಿ, ಮಾವಿನಹಣ್ಣು, ಸೂರ್ಯೋದಯ ಹೇಳಿಕೊಟ್ಟು, ಮನೆಗೆ ಬಂದ ಮೇಲೆ ನನ್ನ ಸ್ವಂತ ಕಲೆಯೆಂದು ಮತ್ತೆ ಸೂರ್ಯೋದಯವನ್ನೇ ಬರೆಯುತ್ತಿದ್ದೆ. ಹೀಗಿರುವಾಗ, ತೊಂಬತ್ತರ ದಶಕದ ಆರಂಭದಲ್ಲಿ, ರುಕ್ಮಿಣಿ ಎಂಬಾಕೆ ಬಂದು, ಇನ್ನು ಮುಂದೆ ಕಲೆಯನ್ನು ಒಬ್ಬೊಬ್ಬರೇ ಮಾಡಕೂಡದು, ಗುಂಪಾಗಿ ಮಾಡಬೇಕು, ಅದೇ ಸಮಕಾಲೀನ ಎಂದು ವಿವರಿಸಿದಾಗ ನಾನು ತಕ್ಷಣ ಒಪ್ಪಿಬಿಟ್ಟೆ. ತಪ್ಪನ್ನು ನಾಲ್ಕು ಪಾಲು ಮಾಡಿಕೊಳ್ಳುವ ವ್ಯವಸ್ಥೆ ಜಗತ್ತಿನಲ್ಲಿ ಇದೆಯೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ರುಕ್ಮಿಣಿ ನಮ್ಮೂರಿಗೆ ಹತ್ತಿರದ ವಿಜಯಪುರದವಳು. ಮನೆಯವರದು ರೇಷ್ಮೆ ನೂಲು ತೆಗೆಯುವ ಕೆಲಸ. ಅವಳು ಬೆಂಗಳೂರಿನಲ್ಲಿ ಚಿತ್ರಕಲೆ ಓದಿ, ಅಲ್ಲಿಂದ ಒಂದಿಷ್ಟು ಬಣ್ಣವನ್ನೂ ಅದಕ್ಕಿಂತ ಹೆಚ್ಚು ಸಿದ್ಧಾಂತವನ್ನೂ ಹೊತ್ತು ತಂದಿದ್ದಳು. ಮೂರನೆಯವನು ಸಾಸಲಿನ ರೈತರ ಮಗ ಮುನಿರಾಜು. ಬಾಶೆಟ್ಟಿಹಳ್ಳಿಯ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಮುಗಿಸಿ, ಗುಜರಿ ಕಬ್ಬಿಣದಿಂದ ಮನುಷ್ಯರನ್ನು ಮಾಡುತ್ತಿದ್ದ. ನಾಲ್ಕನೆಯವನು ನೇಕಾರರ ಮನೆಯ ಗಂಗಾಧರ. ಅವನ ಕಲೆಯ ಬಗ್ಗೆ ನಮಗೆ ಹೆಚ್ಚು ತಿಳಿದಿರಲಿಲ್ಲ, ಆದರೆ ಅವನ ತಂದೆಯ ಬಳಿ ಖಾಲಿ ಬಿದ್ದ ಒಂದು ಮಗ್ಗದ ಶೆಡ್ ಇದೆಯೆಂದು ತಿಳಿದಿತ್ತು. ಹೀಗಾಗಿ ಅವನನ್ನು ಅವಿರೋಧವಾಗಿ ಸೇರಿಸಿಕೊಂಡೆವು.

ನಮ್ಮ ಬಳಗಕ್ಕೆ ನಿಯಮಗಳಿದ್ದವು. ಯಾವ ಕೃತಿಗೂ ಯಾರೂ ರುಜು ಹಾಕುವಂತಿಲ್ಲ. ‘ನಾನು’ ಎನ್ನುವಂತಿಲ್ಲ, ‘ನಾವು’ ಎನ್ನಬೇಕು. ಎಲ್ಲವೂ ಒಮ್ಮತದಿಂದಲೇ ನಡೆಯಬೇಕು. ಈ ಒಮ್ಮತಕ್ಕೆ ನಮಗೆ ಪಕ್ಕದ ಶೆಡ್ಡಿನಿಂದ ಬಹಳ ಸಹಾಯವಾಯಿತು. ಅಲ್ಲಿ ಗಂಗಾಧರನ ತಂದೆಯ ಪವರ್‌ಲೂಮುಗಳು ಓಡುತ್ತಿದ್ದವು. ಆ ಸದ್ದಿನಲ್ಲಿ ಯಾರು ಯಾವುದನ್ನು ವಿರೋಧಿಸಿದರೂ ಉಳಿದವರಿಗೆ ಕೇಳಿಸದ ಕಾರಣ, ಎಲ್ಲ ನಿರ್ಣಯಗಳೂ ಸರ್ವಾನುಮತದಿಂದ ಪಾಸಾಗುತ್ತಿದ್ದವು. ಕರೆಂಟ್ ಹೋದಾಗ ಮಾತ್ರ ನಮ್ಮಲ್ಲಿ ಭಿನ್ನಾಭಿಪ್ರಾಯ ತಲೆದೋರುತ್ತಿತ್ತು. ಆ ಕಾಲದಲ್ಲಿ ಕರೆಂಟ್ ಬಹಳ ಸಲ ಹೋಗುತ್ತಿತ್ತು.

ಮೊದಲ ಕೃತಿಯಾಗಿ, ಗೋಡೆಯಿಂದ ಗೋಡೆಯವರೆಗೆ ಒಂದು ಬಟ್ಟೆ ಕಟ್ಟಿ, ಅದರ ಮೇಲೆ ನಾಲ್ವರೂ ಬರೆಯುವುದೆಂದು ತೀರ್ಮಾನವಾಯಿತು. ಯಾವ ಮೂಲೆಯೂ ಯಾರ ಸ್ವತ್ತೂ ಅಲ್ಲ. ನಾನು ಮೊದಲ ದಿನ ಒಂದು ಹಸು ಬರೆದೆ. ಹೇಳಿಕೊಳ್ಳಬಾರದು, ಆದರೆ ಒಳ್ಳೆಯ ಹಸು. ಮರುದಿನ ಹೋಗಿ ನೋಡಿದರೆ ಮುನಿರಾಜು ಅದಕ್ಕೆ ಚಕ್ರ ಹಚ್ಚಿ ಬಸ್ಸು ಮಾಡಿದ್ದ. ಕೇಳಿದ್ದಕ್ಕೆ ರುಕ್ಮಿಣಿ, ಅದು ಅಳಿಸಿದ್ದಲ್ಲ, ನಿಮ್ಮ ಹಸುವಿಗೆ ಅವರು ಪ್ರತಿಕ್ರಿಯಿಸಿದ್ದು ಎಂದಳು. ನಾನು ಆ ಸಂಜೆಯೇ ಬಸ್ಸಿನ ಮೇಲೆ ಒಂದು ಬೆಟ್ಟವನ್ನು ಪ್ರತಿಕ್ರಿಯಿಸಿದೆ. ಗಂಗಾಧರ ಇದಾವುದಕ್ಕೂ ತಲೆಕೆಡಿಸಿಕೊಳ್ಳದೆ ಎಲ್ಲದರ ಸುತ್ತ ಸೀರೆಯ ಅಂಚು ಬರೆಯುತ್ತಾ ಹೋದ. ಹೀಗೆ ತಿಂಗಳುಗಟ್ಟಲೆ ಪರಸ್ಪರ ಪ್ರತಿಕ್ರಿಯಿಸಿದ್ದರಿಂದ ಬಟ್ಟೆ ಕೊನೆಗೆ ಉಳುಮೆಯಾದ ಹೊಲದ ಬಣ್ಣಕ್ಕೆ ತಿರುಗಿತು. ನನ್ನ ಹೆಂಡತಿ ಸರೋಜ ಒಮ್ಮೆ ನೋಡಲು ಬಂದವಳು, ಬಟ್ಟೆಯನ್ನು ಯಾವಾಗ ಒಗೆಯಲು ಹಾಕುತ್ತೀರಿ ಎಂದು ವಿಚಾರಿಸಿದಳು. ಅದೆಲ್ಲದರ ನಡುವೆ, ಹೇಗೋ ಏನೋ, ಒಂದು ಕೆಂಪು ಕಣ್ಣು ಮಾತ್ರ ಯಾರ ಪ್ರತಿಕ್ರಿಯೆಗೂ ಪೂರ್ತಿ ಬಲಿಯಾಗದೆ ಉಳಿದುಕೊಂಡಿತ್ತು.

ರುಕ್ಮಿಣಿಯ ಪರಿಚಯದ ಮೇಲೆ ಬೆಂಗಳೂರಿನಿಂದ ಹಿರಿಯ ಕಲಾವಿದರೊಬ್ಬರು ನೋಡಲು ಬಂದರು. ಗಡ್ಡ ನೀವಿಕೊಳ್ಳುತ್ತಾ ಬಹಳ ಹೊತ್ತು ನಿಂತು, ಈ ಕಂದು ಬಣ್ಣವೆಲ್ಲ ಯಾರ ಕೆಲಸ ಎಂದು ಕೇಳಿದರು. ಎಲ್ಲರೂ ಸೇರಿ ಮಾಡಿದ್ದು ಎಂದು ನಾಲ್ವರೂ ಒಟ್ಟಿಗೆ ಹೇಳಿದೆವು. ಆಮೇಲೆ ಅವರು, ಆ ಕಣ್ಣು ಅದ್ಭುತವಾಗಿದೆ, ಅದು ಯಾರದು ಎಂದರು. ನಾಲ್ಕು ಕೈಗಳು ಮೇಲೆದ್ದವು. ಅವರು ನಕ್ಕು, ಬೆಂಗಳೂರಿನಲ್ಲಿ ತಾವು ನಡೆಸುವ ಶಿಬಿರದಲ್ಲಿ ನಿಮ್ಮ ಬಳಗಕ್ಕೆ ಒಂದು ಜಾಗವಿದೆ, ಯಾರಾದರೂ ಒಬ್ಬರು ಬನ್ನಿ ಎಂದು ಹೇಳಿ ಹೊರಟುಹೋದರು.

ಆ ‘ಒಬ್ಬರು’ ಎಂಬ ಮಾತು ನಮ್ಮ ಬಳಗವನ್ನು ಅಲ್ಲಾಡಿಸಿತು. ಸಭೆ ಸೇರಿದೆವು. ನಾನು ಹಿರಿಯನಾದ್ದರಿಂದ, ನನಗೆ ಆಸೆಯಿಲ್ಲ, ಚಿಕ್ಕವರು ಯಾರಾದರೂ ಹೋಗಲಿ ಎಂದೆ. ಛೆ, ನೀವೇ ಹೋಗಬೇಕು ಎಂದು ಅವರು ಒತ್ತಾಯಿಸಬೇಕಾದ ಜಾಗದಲ್ಲಿ ಸುಮ್ಮನಿದ್ದರು. ಉಳಿದ ಮೂವರೂ ಸರದಿಯಂತೆ ತ್ಯಾಗ ಮಾಡಿದರು. ನಾವೂ ಸರದಿಯಂತೆ ಸುಮ್ಮನಿದ್ದೆವು. ಕೊನೆಗೆ, ಒಬ್ಬರು ಹೋಗುವುದು ಬಳಗದ ತತ್ತ್ವಕ್ಕೇ ವಿರುದ್ಧ, ಆದ್ದರಿಂದ ಯಾರೂ ಹೋಗುವುದು ಬೇಡ ಎಂದು ಒಮ್ಮತಕ್ಕೆ ಬಂದೆವು. ಅವತ್ತು ಕರೆಂಟ್ ಇರಲಿಲ್ಲ ಎಂಬುದನ್ನು ಗಮನಿಸಬೇಕು.

ಶಿಬಿರದ ದಿನ ಬೆಳಿಗ್ಗೆ ನಾನು ಹೊಟ್ಟೆನೋವೆಂದು ಶಾಲೆಗೆ ರಜೆ ಹಾಕಿ ಬೆಂಗಳೂರಿನ ಬಸ್ಸು ಹತ್ತಿದೆ. ಬಾಶೆಟ್ಟಿಹಳ್ಳಿಯಲ್ಲಿ ಮುನಿರಾಜು ಹತ್ತಿದ. ಇಸ್ತ್ರಿ ಮಾಡಿದ ಅಂಗಿ, ಹೆಗಲ ಚೀಲದಲ್ಲಿ ಕುಂಚದ ತುದಿ.

“ಏನ್ ಮೇಷ್ಟ್ರೇ, ಬೆಂಗ್ಳೂರಿಗಾ?”

“ಹಲ್ಲು ತೋರಿಸ್ಬೇಕಿತ್ತು ಕಣಪ್ಪ. ನೀನು?”

“ನಮ್ಮತ್ತೆ ಆಸ್ಪತ್ರೇಲವ್ರೆ.”

ಮೆಜೆಸ್ಟಿಕ್‌ನಲ್ಲಿ ಇಳಿದು, ಹಲ್ಲಿಗೂ ಅತ್ತೆಗೂ ಶುಭ ಕೋರಿ, ಬೇರೆ ಬೇರೆ ದಿಕ್ಕಿಗೆ ಹೊರಟು, ಹತ್ತು ನಿಮಿಷದಲ್ಲಿ ಒಂದೇ ಸಿಟಿ ಬಸ್ಸಿನಲ್ಲಿ ಅಕ್ಕಪಕ್ಕ ನಿಂತಿದ್ದೆವು. ಇಬ್ಬರೂ ಕಿಟಕಿಯ ಹೊರಗಡೆ ನೋಡುತ್ತಾ ಪ್ರಯಾಣ ಮಾಡಿದೆವು. ಶಿಬಿರದ ಗೇಟಿನಲ್ಲಿ ರುಕ್ಮಿಣಿ ನಿಂತಿದ್ದಳು.

“ನಾವ್ಯಾರೂ ಬರಲ್ಲ ಅಂತ ಹೇಳ್ಬಿಟ್ಟು ಹೋಗೋಣ ಅಂತ ಬಂದೆ ಮೇಷ್ಟ್ರೇ,” ಎಂದಳು.

ಒಳಗೆ ಗಂಗಾಧರ ಉಪ್ಪಿಟ್ಟು ತಿನ್ನುತ್ತಿದ್ದ. ನಮ್ಮಲ್ಲಿ ಯಾರಾದರೂ ಮಾತು ತಪ್ಪಿ ಬಂದುಬಿಟ್ಟಾರೆಂಬ ಅನುಮಾನದಿಂದ, ತಡೆಯುವುದಕ್ಕಾಗಿ ಅವನು ಹಿಂದಿನ ದಿನವೇ ಬಂದು ಉಳಿದುಕೊಂಡಿದ್ದನಂತೆ.

ಹಿರಿಯರು ನಾಲ್ವರನ್ನೂ ಒಂದು ಕ್ಯಾನ್‌ವಾಸಿನ ಮುಂದೆ ಕೂರಿಸಿದರು. ಯಾರೂ ಕುಂಚ ಮುಟ್ಟಲಿಲ್ಲ. ಗಂಗಾಧರನೇ ತಲೆ ತಗ್ಗಿಸಿಕೊಂಡು ಮಾತು ತೆಗೆದ. “ಆ ಕಣ್ಣು ನಂದು ಕಣ್ರೋ. ನಾನ್ ಅದನ್ನ ಬರೀತಿದ್ದಾಗ ನಮ್ಮಪ್ಪ ಮಗ್ಗ ಬಿಟ್ಟು ಬಂದು ನೋಡ್ತಾ ನಿಂತಿದ್ರು. ಒಂದ್ ಮಾತೂ ಬೈಲಿಲ್ಲ. ಅದೊಂದನ್ನಾದ್ರೂ ನಂಗೆ ಬಿಟ್ಬಿಡಿ.”

ನಾವು ಕರಗಿದೆವು. ಆಗ ಮುನಿರಾಜು ಮೆಲ್ಲಗೆ, “ಕಣ್ಣು ನಿಂದೇ ಗುರು, ಆದ್ರೆ ರೆಪ್ಪೆ ನಂದು,” ಎಂದ. ರೆಪ್ಪೆಗೆ ಮೊದಲು ಕೆಂಪು ಬಂತು, ಕೆಂಪು ತನ್ನದು ಎಂದಳು ರುಕ್ಮಿಣಿ. ಇವರ ಕೆಂಪಿಗೆ ಆಧಾರವೇ ನನ್ನ ಹಸುವಿನ ಕಣ್ಣೆಂದು ನಾನು ಎದ್ದು ನಿಂತು ಸಾರಿದೆ. ಮುಂದೆ ಹಸುವಿನಿಂದ ಹಿಡಿದು ಬಸ್ಸು, ಬೆಟ್ಟ, ಅಂಚುಗಳವರೆಗೆ ವಿಚಾರಣೆಯಾಯಿತು. ಶಿಬಿರದ ಕಲಾವಿದರೆಲ್ಲ ಕೆಲಸ ಬಿಟ್ಟು ಸುತ್ತ ನೆರೆದರು. ಹಿರಿಯರು ಮೈಮರೆತು, ಇದೇ ನಿಮ್ಮ ಕೃತಿ, ಕ್ಯಾನ್‌ವಾಸ್ ಹಾಗೇ ಬಿಳಿ ಇರಲಿ, ನಾಳೆ ಸಂಜೆ ಪ್ರೇಕ್ಷಕರ ಮುಂದೆ ಇದೇ ಜಗಳ ಆಡಿ, ಸಮಕಾಲೀನ ಎಂದರೆ ಇದು ಎಂದರು.

ಮರುದಿನ ಸಂಜೆ ಜನ ಸೇರಿದರು. ನಾಲ್ವರೂ ಹಣೆಗೆ ಹಣೆ ಕೊಡುವಂತೆ ನಿಂತೆವು. ಆದರೆ ಮೆಚ್ಚುಗೆಯ ಮಾತು ಕೇಳಿ ನಮ್ಮೊಳಗಿನ ದ್ವೇಷವೆಲ್ಲ ರಾತ್ರಿಯೇ ಇಳಿದುಹೋಗಿತ್ತು. “ಕಣ್ಣು ನಿಮ್ಮದೇ ಮೇಷ್ಟ್ರೇ,” ಎಂದ ಗಂಗಾಧರ. ಇಲ್ಲಪ್ಪ, ನಿನ್ನದೇ ಎಂದೆ ನಾನು. ಮುನಿರಾಜು ರೆಪ್ಪೆಯನ್ನು ರುಕ್ಮಿಣಿಗೆ ದಾನ ಮಾಡಿದ. ಅವಳು ನಯವಾಗಿ ಬೇಡವೆಂದಳು. ಜನ ಆಕಳಿಸಿದರು. ಹಿರಿಯರು ನಮ್ಮನ್ನು ಪಕ್ಕಕ್ಕೆ ಕರೆದು, ನೀವು ಊರಿಗೆ ಹೊರಡಬಹುದು ಎಂದು ಸೂಕ್ಷ್ಮವಾಗಿ ತಿಳಿಸಿದರು.

ವಾಪಸು ಬಸ್ಸಿನಲ್ಲಿ, ಜಗಳ ಕೆಡಿಸಿದ್ದು ಯಾರು ಎಂಬ ವಿಷಯವಾಗಿ ಯಲಹಂಕದಿಂದ ಊರಿನವರೆಗೆ ಬಹಳ ಉತ್ತಮ ಮಟ್ಟದ ಜಗಳವಾಯಿತು. ಕಂಡಕ್ಟರ್ ಒಬ್ಬನೇ ಪ್ರೇಕ್ಷಕ. ಅವನಿಗೆ ಸಮಕಾಲೀನದ ಗಂಧವಿರಲಿಲ್ಲ. ಮನೆಗೆ ಬಂದು ಸರೋಜಳಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವಳು ಅಕ್ಕಿ ಆರಿಸುತ್ತಾ ಪೂರ್ತಿ ಕೇಳಿ, ಆಶ್ಚರ್ಯದಿಂದ ತಲೆಯೆತ್ತಿದಳು.

“ಜಗಳ ಸರಿಯಾಗ್ ಬರ್ಲಿಲ್ಲ ಅಂತ ಕಳಿಸ್ಬಿಟ್ರಾ? ಮನೇಲಿ ಅಷ್ಟ್ ಚೆನ್ನಾಗ್ ಆಡ್ತೀರಲ್ರೀ.”

ನನ್ನ ಕಲೆಯ ಬಗ್ಗೆ ನಮ್ಮ ಮನೆಯಲ್ಲಿ ಬಂದ ಮೊದಲ ಮೆಚ್ಚುಗೆ ಅದು. ಬಳಗದ ನಿಯಮದ ಪ್ರಕಾರ ನಾಲ್ವರಿಗೂ ಸಮನಾಗಿ ಹಂಚಬೇಕಿತ್ತು. ಪೂರ್ತಿ ನಾನೇ ಇಟ್ಟುಕೊಂಡೆ.