ಕಿಕ್‌ಡೌನ್ ಕೇಬಲ್ಲಿಗೆ ಒಂದು ಮಿಲಿಮೀಟರ್

ಎಲ್ಲವನ್ನೂ ಅಳೆದು ನೋಡಿ ಮಾಡುವವನನ್ನೇ ಇಂಥ ಫಜೀತಿಗಳು ಹುಡುಕಿಕೊಂಡು ಬರುತ್ತವೆ. ಅಂದಾಜಿನ ಮೇಲೆ ಬದುಕುವವರು ಆರಾಮ ಇರುತ್ತಾರೆ. ನಾನು ಕೆಲಸದಲ್ಲಿದ್ದಷ್ಟು ದಿನ ಅಂಗಡಿಗಳ ತಕ್ಕಡಿ, ಅಳತೆಕೋಲು ಪರೀಕ್ಷಿಸಿದವನು. ನಿವೃತ್ತನಾದ ಮೇಲೂ ಕಿಸೆಯಲ್ಲಿ ಸ್ಟೀಲ್ ಸ್ಕೇಲ್ ಇದ್ದೇ ಇರುತ್ತದೆ.

ನನ್ನದು ಹಳೆಯ ಆಟೊಮ್ಯಾಟಿಕ್ ಕಾರು. ಕ್ಲಚ್ ಇಲ್ಲ, ಗೇರು ತಾನೇ ಬದಲಾಗುತ್ತದೆ. ಏರಿನಲ್ಲಿ ಆಕ್ಸಿಲರೇಟರ್ ಪೆಡಲನ್ನು ತಳಮಟ್ಟ ಒತ್ತಿದರೆ ಕಿಕ್‌ಡೌನ್ ಕೇಬಲ್ ಎಂಬ ತಂತಿ ಜಗ್ಗಿ, ಗೇರು ಇಳಿದು, ಬಲ ಬರಬೇಕು. ದೇವಿಯ ದರ್ಶನಕ್ಕೆ ವರ್ಷಕ್ಕೊಮ್ಮೆ ಹತ್ತುವ ಸವದತ್ತಿ ಗುಡ್ಡದ ಏರಿನಲ್ಲಿ ಹೋದ ವರ್ಷ ಬರಲಿಲ್ಲ. ಹೆಂಡತಿಯೂ ಅವಳ ಇಬ್ಬರು ಅಕ್ಕಂದಿರೂ ಇಳಿದು ನಡೆದರು.

“ಮುಂದಿನ ವರ್ಷನೂ ನಮ್ಮನ್ನ ಇಳಿಸಿದ್ರ ಗಾಡಿ ಮಾರತೀರೇನು?” ಎಂದಳು ಹೆಂಡತಿ.

“ಮಾರತೇನಿ” ಎಂದೆ. ಕೊಟ್ಟ ಮಾತಿಗೆ ನಾನು ತಪ್ಪುವುದಿಲ್ಲ. ಅದು ಅವಳಿಗೂ ಗೊತ್ತು. ತೊಂದರೆ ಇದ್ದದ್ದೇ ಅಲ್ಲಿ.

೧. ಬೈಲಹೊಂಗಲ

ಮೆಕ್ಯಾನಿಕ್ ಬಾಗಿಲು ತೆಗೆದವನೇ ಕೆಳಗೆ ಬಗ್ಗಿ ಹುಡುಕಿದ. “ಕ್ಲಚ್ ಯಾರ ಬಿಚ್ಚಿಕೊಂಡ ಹೋಗ್ಯಾರ್ರಿ?”

ತಿಳಿಸಿ ಹೇಳಿದೆ. ಕಾರಿನ ಪುಸ್ತಕ ತೆರೆದು ಇಂಗ್ಲಿಷಿನಿಂದ ಕನ್ನಡಕ್ಕೆ ಓದಿದೆ: ಪೆಡಲ್ ಪೂರ್ತಿ ಒತ್ತಿದಾಗ ಕೇಬಲ್ಲಿನ ಗುಂಡಿಗೂ ಕವಚಕ್ಕೂ ನಡುವೆ ಒಂದು ಮಿಲಿಮೀಟರ್ ಸಂದು ಇರಬೇಕು.

“ಒಂದ ಮಿಲಿಮೀಟರ್ ಅಂದ್ರ ಜ್ವಾಳದ ಕಾಳಿನಷ್ಟೋ, ರಾಗಿ ಕಾಳಿನಷ್ಟೋ?”

ನಾನು ಸ್ಕೇಲ್ ತೆಗೆದೆ. ಅವನು ಒಳಗೆ ಕೂಡ್ರುವ ಮೊದಲು ಚಪ್ಪಲಿ ಬಿಟ್ಟ. ಪೆಡಲಿನ ಕೆಳಗೆ, ಇಂಜಿನ್ನಿನ ಕಾವು ಕಾಲಿಗೆ ಬಡಿಯಬಾರದೆಂದು, ನಮ್ಮ ಅತ್ತೆಯವರು ಹಳೇ ಸೀರೆಗಳಲ್ಲಿ ಹೊಲಿದಿದ್ದ ಕೂಸಿನ ಕೌದಿಯನ್ನು ಅಂಚಿಗೆ ಅಂಚು ಕೂಡಿಸಿ, ನಾಲ್ಕು ಮಡಿಕೆ ಮಾಡಿ ಎರಡು ವರ್ಷದ ಹಿಂದೆ ನಾನೇ ಹಾಸಿದ್ದೆ. ಕೌದಿಯನ್ನು ಯಾರೂ ಚಪ್ಪಲಿಗಾಲಿನಿಂದ ತುಳಿಯುವುದಿಲ್ಲ. ಇವನಿಗೆ ಶಿಸ್ತು ಇದೆ ಎಂದು ಸಂತೋಷಪಟ್ಟೆ.

ಸಂದು ಸರಿಯಾಗಿ ಒಂದು ಮಿಲಿಮೀಟರ್ ಬಂತು. ಆದರೆ ದೊಡವಾಡದ ರಸ್ತೆಗೆ ಬಿದ್ದರೆ ಗಾಡಿ ಎರಡನೇ ಗೇರು ಬಿಡಲೊಲ್ಲದು, ಒಂದೇ ಸಮನೆ ಒದರುತ್ತದೆ. ಊರ ಹತ್ತಿರ ಮುದುಕಿಯೊಬ್ಬಳು ಕೈ ಮಾಡಿ ನಿಲ್ಲಿಸಿದಳು.

“ಎಪ್ಪಾ, ಕಡ್ಲಿ ಕಿತ್ತು ಒಟ್ಟೇವಿ. ಒಕ್ಕಾಕ ಈ ರಾಶಿ ಮಶಿನ್ ನಮ್ಮ ಕಣಕ್ಕ ಯಾವಾಗ ತರತೀ?”

೨. ಕಿತ್ತೂರು

ಇಲ್ಲಿಯವನು ಎಲ್ಲ ಕೇಳಿಕೊಂಡು, “ಕೇಬಲ್ ಬಾಳ ಬಿಗದಾರ್ರಿ” ಎಂದು ಸಡಿಲು ಮಾಡಿದ. ಒದರಾಟ ನಿಂತಿತು. ಓಟವೂ ನಿಂತಿತು. ಪೆಡಲನ್ನು ಮೆಟ್ಟಿದರೂ ಗಾಡಿ ಯೋಚನೆ ಮಾಡುತ್ತ ಹೋಗುತ್ತದೆ. ಕಬ್ಬು ಹೇರಿದ ಟ್ರ್ಯಾಕ್ಟರ್ ನಮ್ಮನ್ನು ಹಿಂದೆ ಹಾಕಿತು. ಅದರ ಚಾಲಕ ಹೊರಳಿ ಹೊರಳಿ ನೋಡಿದ.

ತಿರುಗಿ ಬಂದು ಕೇಳಿದೆ: “ಇದೇನಿದು?”

“ಗಾಡಿ ಈಗ ಶಾಂತ ಆಗೈತ್ರಿ ಸಾಹೇಬ್ರ.”

“ಓಡೂದ ಇಲ್ಲಲ್ಲೋ!”

“ಶಾಂತ ಆದಾಂವ ಯಾಕ ಓಡತಾನ್ರಿ?”

೩. ರಾಮದುರ್ಗ

ಇಲ್ಲಿ ಅಣ್ಣ ತಮ್ಮ ಇಬ್ಬರೂ ಮೆಕ್ಯಾನಿಕರು. ಅಣ್ಣ ಚಪ್ಪಲಿ ಬಿಟ್ಟು ಒಳಗೆ ಕುಳಿತು ಪೆಡಲ್ ಒತ್ತಿದ. ತಮ್ಮ ಬಾನೆಟ್ ಎತ್ತಿ ಕೇಬಲ್ ನೋಡಿದ.

“ಪೂರಾ ಒತ್ತೋ ಅಣ್ಣಾ!”

“ಪೂರಾ ಒತ್ತೇನಿ.”

“ತಂತಿ ಪೂರಾ ಬಂದಿಲ್ಲ. ಯಾವ ಕೆಲಸಾ ನೀ ಪೂರಾ ಮಾಡೀದಿ ಹೇಳು!”

“ನಿನ್ನ ಕಣ್ಣಿಗೆ ಪೊರಿ ಬಂದೈತಿ!”

ನಾನು ಸ್ಕೇಲ್ ಹಿಡಿದು ಅಳೆದೆ. ಪೆಡಲ್ ಮುಂದೆ ಹೋಗಲು ಜಾಗವಿಲ್ಲ, ಅಣ್ಣ ಖರೆ. ತಂತಿ ಅರ್ಧಕ್ಕೇ ನಿಂತಿದೆ, ತಮ್ಮನೂ ಖರೆ. ಜಾಗ ಬದಲಿಸಿರಿ ಎಂದೆ. ತಮ್ಮ ಒಳಗೆ ಕೂತು “ಪೂರಾ ಒತ್ತೇನಿ” ಎಂದ. ಅಣ್ಣ ಬಾನೆಟ್ ಹತ್ತಿರ ನಿಂತು “ಬಂದಿಲ್ಲ” ಎಂದ.

ಜಾಗ ಬದಲಾಯಿತು, ಮಾತು ಬದಲಾಯಿತು. ಜಗಳ ಮಾತ್ರ ಒಂದು ಮಿಲಿಮೀಟರೂ ಕದಲಲಿಲ್ಲ.

೪. ಸವದತ್ತಿ

ವರ್ಷ ತುಂಬಿತು. ಹಿಂದೆ ಅಕ್ಕಂದಿರಿಬ್ಬರು, ಪಕ್ಕದಲ್ಲಿ ಹೆಂಡತಿ. ಗುಡ್ಡದ ಬುಡದಲ್ಲೇ ಗಾಡಿ ತೇಕತೊಡಗಿತು. ಹಿಂದಿನಿಂದ ದೊಡ್ಡ ಅಕ್ಕ, “ಚಪ್ಪಲಿ ಹಾಕ್ಕೊಳ್ರೆ, ಇಳಿಯೂ ಜಾಗಾ ಬಂತು” ಎಂದರು. ಕೊನೆಯ ಆಸೆಯಿಂದ ಬೇವಿನ ಮರದ ಕೆಳಗಿದ್ದ ಗ್ಯಾರೇಜಿಗೆ ತಿರುಗಿಸಿದೆ. ಬಿಳಿ ಗಡ್ಡದ ಮಿಸ್ತ್ರಿ ಚಾಚಾ ಒಬ್ಬರೇ ಇದ್ದರು. ನಾನು ಪುಸ್ತಕ ತೆರೆದು ಓದಲು ಶುರು ಮಾಡಿದೆ.

ಚಾಚಾ ಪುಟದ ಮೇಲೆ ಬೆರಳಿಟ್ಟರು. “ಸಾಹೇಬ್ರ, ನನಗ ಇಂಗ್ಲಿಷ್ ಬರೂದಿಲ್ಲ, ಅಂಕಿ ಬರತಾವ. ನೀವು ಓದಾಕ ಹತ್ತಿದ್ದು ಎರಡನೇದು. ಒಂದನೇದು ಯಾಕ ಬಿಟ್ರಿ?”

“ಅದು ಏನೂ ತಿಳಿಯದವರಿಗೆ ಬರದದ್ದು.”

“ಹಂಗಾರ ನನಗ ಬರದಾರ. ಓದ್ರಿ.”

ಓದಿದೆ. ಮೊದಲನೆಯ ಸಲ, ಅದೂ ಗಟ್ಟಿಯಾಗಿ: “ಪೆಡಲಿನ ಕೆಳಗೆ ಏನಾದರೂ ಹಾಸಿದ್ದರೆ ಮೊದಲು ತೆಗೆಯಿರಿ.”

ಚಾಚಾ ಎರಡೂ ಕೈಯಿಂದ ಕೌದಿ ಎತ್ತಿ, ಧೂಳು ಝಾಡಿಸಿ, ಮರ್ಯಾದೆಯಿಂದ ನನ್ನ ಹೆಂಡತಿಯ ತೊಡೆಯ ಮೇಲಿಟ್ಟರು. ನನ್ನ ಕಾಲು ಎರಡು ವರ್ಷದಲ್ಲಿ ಮೊದಲ ಸಲ ಗಾಡಿಯ ತಳ ಮುಟ್ಟಿತು. ಅವರು ಕಣ್ಣಳತೆಯಲ್ಲೇ ಕೇಬಲ್ ತಿರುವಿ ಬಿಗಿದರು. ಸ್ಕೇಲ್ ಇಟ್ಟು ನೋಡಿದೆ: ಒಂದು ಮಿಲಿಮೀಟರ್.

ಏರಿನಲ್ಲಿ ಪೆಡಲ್ ಮೆಟ್ಟಿದೆ. ಗೇರು ಇಳಿಯಿತು, ಗಾಡಿ ಹುರಿಗಟ್ಟಿದ ಹೋರಿಯ ಹಾಗೆ ಗುಡ್ಡ ಹತ್ತಿತು. ಹಿಂದೆ ಅಕ್ಕಂದಿರು, “ಸಾಕ್ರೀ, ಸಾವಕಾಶ!” ಎಂದು ಕೂಗಿದರೇ ಹೊರತು ಯಾರೂ ಇಳಿಯಲಿಲ್ಲ.

ಮೇಲೆ ನಿಲ್ಲಿಸಿ ಹೆಂಡತಿಯ ಕಡೆ ನೋಡಿದೆ. “ಗಾಡಿ ಮಾರಬೇಕೇನು?”

ಅವಳು ಕೌದಿ ಬಿಚ್ಚಿ, ಮತ್ತೆ ಮಡಚುತ್ತ ಅಂದಳು: “ಗಾಡಿ ಇರಲಿ. ಆ ಪುಸ್ತಕ ಮಾತ್ರ ಗುಡ್ಡಾ ಇಳಿಯೂವಾಗ ಚಾಚಾನ ಕೈಯಾಗ ಕೊಟ್ಟು ಬರೋಣು. ಇಂಗ್ಲಿಷ್ ಬರದಿದ್ರೂ ಒಂದರಿಂದ ಶುರು ಮಾಡತಾರ.”