ಹಿಮದ ನಮೂನೆ

ಜಗತ್ತಿನಲ್ಲಿ ಕೊಳ್ಳುವವರು ಬೇರೆ, ಹೋಲಿಸುವವರು ಬೇರೆ. ನಾನು ಎರಡನೆಯ ಪಂಗಡದವನು. ಒಂದು ಕೊಡೆ ಬೇಕೆಂದರೂ ಬೀದರಿನ ಅಂಗಡಿ ಅಂಗಡಿ ಹೊಕ್ಕು, ಕೊಡೆಗಳನ್ನೆಲ್ಲ ಬಿಚ್ಚಿ, ಮುಚ್ಚಿ, ಕಡ್ಡಿಗಳನ್ನು ಬಗ್ಗಿಸಿ ನೋಡಿ, ಯಾವುದು ಉತ್ತಮವೆಂದು ತೀರ್ಮಾನಕ್ಕೆ ಬರುವಷ್ಟರಲ್ಲಿ ಮಳೆಗಾಲ ಮುಗಿದಿರುತ್ತದೆ. ನಮ್ಮ ಮನೆಯಲ್ಲೊಂದು ಏರ್ ಕೂಲರ್ ಇದೆ. ಯುಗಾದಿಗೆ ಮೊದಲೇ ಅದರ ವಿಚಾರಣೆ ಶುರು ಮಾಡಿದ್ದೆ. ಅದು ಮನೆಗೆ ಬಂದ ಸಂಜೆಯೇ ಮುಂಗಾರಿನ ಮೊದಲ ಮಳೆ ಹೊಡೆದು, ನಾವೆಲ್ಲ ಚಾದರ ಹೊದ್ದು ಅದನ್ನು ಸುತ್ತುವರಿದು ಕುಳಿತೆವು. ಈಗ ಅದರ ಮೇಲೆ ಮಡಚಿದ ಹಾಸಿಗೆಗಳನ್ನು ಇಡುತ್ತೇವೆ. ಆ ಕೆಲಸಕ್ಕೆ ಮಾತ್ರ ಅದರಷ್ಟು ಒಳ್ಳೆಯ ಕೂಲರ್ ಇನ್ನೊಂದಿಲ್ಲ ಎಂದು ಹೋಲಿಸಿಯೇ ಹೇಳಬಲ್ಲೆ.

ಇಂಥ ನಾನು ಹೋದ ಚಳಿಗಾಲವಿಡೀ ಹೋಲಿಸುತ್ತ ಕುಳಿತದ್ದು ಸ್ಕೀ ರೆಸಾರ್ಟುಗಳನ್ನು. ಕಾಲಿಗೆ ಎರಡು ಹಲಗೆ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಆಟಕ್ಕೆ ಸ್ಕೀಯಿಂಗ್ ಎನ್ನುತ್ತಾರೆ, ಆ ಆಟದ ಊರುಗಳಲ್ಲಿರುವ ದೊಡ್ಡ ಹೋಟೆಲುಗಳೇ ಈ ರೆಸಾರ್ಟುಗಳು. ನನಗೆ ಬಚ್ಚಲಿನಲ್ಲಿ ಜಾರಿ ಗೊತ್ತೇ ಹೊರತು ಬೇರೆಲ್ಲೂ ಜಾರಿ ಗೊತ್ತಿಲ್ಲ. ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಡುವ ಮಾಸ್ತರ ನಾನು. ಹಿಮನದಿ, ಹಿಮರೇಖೆ, ಹಿಮಪಾತ ಎಲ್ಲವನ್ನೂ ಸೀಮೆಸುಣ್ಣದಲ್ಲಿ ಕರಿಹಲಗೆಯ ಮೇಲೆ ಸುರಿಸಿದ್ದೇನೆ. ಆದರೆ ಕಣ್ಣಾರೆ ಕಂಡ ಹಿಮವೆಂದರೆ ನಮ್ಮ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಬಟಾಣಿ ಪೊಟ್ಟಣಕ್ಕೆ ಅಂಟಿಕೊಂಡದ್ದು ಮಾತ್ರ.

ಇದೆಲ್ಲ ಶುರುವಾದದ್ದು ನನ್ನ ಹೆಂಡತಿ ಸುನಂದಾಳ ಮೊಣಕಾಲಿನಿಂದ. ಎಲುಬಿನ ಡಾಕ್ಟರು ಎಕ್ಸ್‌ರೇ ಹಿಡಿದು ತೋರಿಸಿ, ಬರುವ ಬೇಸಿಗೆಗೆ ಆಪರೇಷನ್ ಮಾಡಲೇಬೇಕು, ಆಮೇಲೆ ಏರುಪೇರಿನ ಜಾಗದಲ್ಲಿ ಓಡಾಟ ಕಡಿಮೆ ಮಾಡಬೇಕು ಎಂದರು. ಬೀದರಿನ ಮೈಲೂರು ಬಡಾವಣೆಯ ನಮ್ಮ ಮನೆಗೆ ಬಂದವಳು ಒಳಗೆ ಹೋಗದೆ ಮೆಟ್ಟಿಲ ಮೇಲೆಯೇ ಕುಳಿತಳು. ಮೊಣಕಾಲು ಸವರಿಕೊಳ್ಳುತ್ತ, "ಏನ್ರಿ, ಈ ಕಾಲು ನನ್ನ ಮಾತು ಕೇಳೂತನಾ ಒಮ್ಮಿ ಬರ್ಫಿನ ಮ್ಯಾಲ ನಡದು ಬರ್ತೇನಿ. ಕರ್ಕೊಂಡ್ ಹೋಗ್ರಿ" ಎಂದಳು. ನಾನು ದಂಗಾದೆ. ಮದುವೆಯಾದಾಗಿನಿಂದ ಅವಳು ಬಾಯಿ ಬಿಟ್ಟು ಇಂಥದ್ದು ಬೇಕು ಎಂದದ್ದೇ ಕಡಿಮೆ. ಚಿಕ್ಕಂದಿನಲ್ಲಿ ಭಾಲ್ಕಿಯಲ್ಲಿ ಬರ್ಫದ ಗೋಲಾ ಮಾರುವವನ ಗಾಡಿಯ ಕೆಳಗೆ ಉದುರಿದ ಚೂರುಗಳನ್ನು ಚಪ್ಪಲಿ ಬಿಟ್ಟು ತುಳಿಯುತ್ತಿದ್ದಳಂತೆ. ಹಿಮದ ಮೇಲೆ ನಡೆಯುವ ಆಸೆ ಅಂದಿನಿಂದಲೂ ಇತ್ತಂತೆ. "ಇದೇ ಚಳಿಗಾಲದಾಗ ಹೋಗಮ್" ಎಂದೆ. ಆ ಕ್ಷಣವೇ ಎದ್ದು ಟಿಕೆಟ್ ತೆಗೆಸಿದ್ದರೆ ನಾನು ಇದನ್ನೆಲ್ಲ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಆದರೆ ಹೋಲಿಸದೆ ಹೋಗುವುದು ಹೇಗೆ? ನನ್ನ ತರ್ಕ ಸರಳವಾಗಿತ್ತು. ಹಿಮ ನೋಡಲು ಹೋಗುವುದಾದರೆ ಒಳ್ಳೆಯ ಹಿಮವನ್ನೇ ನೋಡಬೇಕು. ಜಾರುವವರು ಕಳಪೆ ಹಿಮದ ಮೇಲೆ ಜಾರುವುದಿಲ್ಲ. ಆದ್ದರಿಂದ ಜಾರುವವರು ಹೋಗುವಲ್ಲಿಗೇ ನಾವೂ ಹೋಗಬೇಕು. ಕಾಶ್ಮೀರದ್ದೊಂದು, ಉತ್ತರಾಖಂಡದ್ದೊಂದು, ಹಿಮಾಚಲದ್ದೊಂದು ರೆಸಾರ್ಟು ಆರಿಸಿಕೊಂಡು, ಅಲ್ಲಿಗೆ ಹೋಗಿ ಬಂದವರು ಮೊಬೈಲಿನಲ್ಲಿ ಬರೆದ ಅನಿಸಿಕೆಗಳನ್ನು ಓದತೊಡಗಿದೆ. ಹಿಮದಲ್ಲಿ ಇಷ್ಟೊಂದು ಜಾತಿಗಳಿವೆಯೆಂದು ನನ್ನ ಪಠ್ಯಪುಸ್ತಕ ಹೇಳಿರಲೇ ಇಲ್ಲ. ಒಣ ಹಿಮ, ಹಸಿ ಹಿಮ, ಹುಡಿ ಹಿಮ, ಗಟ್ಟಿ ಹಿಮ. ಅವಳಿಗೆ ತಿಳಿಯಲೆಂದು ನಾನು ಅಡುಗೆಮನೆಯ ಭಾಷೆಯಲ್ಲಿಯೇ ವಿವರಿಸಿದೆ. ಕಾಶ್ಮೀರದ್ದು ಜೋಳದ ಹಿಟ್ಟಿನ ಹಾಗೆ, ಉತ್ತರಾಖಂಡದ್ದು ರವೆಯ ಹಾಗೆ, ಹಿಮಾಚಲದ್ದು ಮಧ್ಯಾಹ್ನವಾಗುತ್ತಲೇ ನೆನೆಹಾಕಿದ ಸಾಬೂದಾಣಿಯ ಹಾಗೆ. ಸುನಂದಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಹಿಟ್ಟು, ರವಾ, ಸಾಬೂದಾಣಿ ನೋಡ್ಲಿಕ್ಕಾದ್ರ ಅಷ್ಟು ದೂರ ಯಾಕ್ರಿ? ಕಿರಾಣಿ ಅಂಗಡಿಗೇ ಹೋಗಿ ಬರಮ್ ನಡೀರಿ" ಎಂದಳು.

ಹಿಮದ ಗುಣದ ವಿಚಾರ ಒಂದು ಹಂತಕ್ಕೆ ಬಂದ ಮೇಲೆ ಒಡೆತನದ ಪ್ರಶ್ನೆ ಎದ್ದಿತು. ನಮ್ಮ ಕಡೆಯವರಿಗೆ ಇದು ಹುಟ್ಟಿನಿಂದ ಅಂಟಿದ ಚಟ. ಚಹಾ ಕುಡಿಯುವ ಮೊದಲು ಹೋಟೆಲು ಯಾರದೆಂದು ಕೇಳುತ್ತೇವೆ. ಮದುವೆಯೂಟಕ್ಕೆ ಕೂತರೆ ಮಂಟಪ ಯಾರದು, ಬಸ್ಸು ಕೆಟ್ಟು ನಿಂತರೆ ಎದುರಿಗಿರುವ ಹೊಲ ಯಾರದು. ಔರಾದದಲ್ಲಿರುವ ನನ್ನ ಹೆಂಡತಿಯ ಅಕ್ಕನಂತೂ ಟಿವಿಯಲ್ಲಿ ತಾಜಮಹಲು ತೋರಿಸಿದಾಗ, "ಈಗ ಯಾರದರಿ ಅದು?" ಎಂದು ಕೇಳಿದ್ದರು. ಹಾಗಾಗಿ ನಾನು ಮೂರೂ ಕಡೆಗೆ ಫೋನು ಹಚ್ಚಿ, ನಮ್ಮ ಬೀದರಿನ ಹಿಂದಿಯಲ್ಲಿ, "ಮಾಲಿಕ್ ಕೌನ್ ಹೈ ಜೀ?" ಎಂದು ವಿಚಾರಿಸಿದೆ. ಮೊದಲನೆಯ ಕಡೆಯ ಹುಡುಗಿ, ಕಂಪನಿಯದು ಎಂದಳು. ಕಂಪನಿ ಯಾರದು ಎಂದೆ. ಮಾಲಿಕರು ಮುಂಬಯಿಯಲ್ಲಿ ಕೂಡುತ್ತಾರೆ ಎಂದಳು. ಸಮುದ್ರದ ದಂಡೆಯ ಮೇಲೆ ಬೆವರುತ್ತ ಕೂತವನಿಗೆ ಹಿಮದ ಕಾಳಜಿ ಎಲ್ಲಿಂದ ಬರಬೇಕು? ಅಂಕ ಕಳೆದೆ. ಎರಡನೆಯದು ಸರಕಾರದ್ದು. ನಾನೂ ಸರಕಾರಿ ನೌಕರನೇ. ನನ್ನಂಥವರ ಕೈಯಲ್ಲಿ ಒಂದು ಹಿಮಪರ್ವತ ಕೊಟ್ಟರೆ ಏನಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತಿರುವುದರಿಂದ ಅಲ್ಲಿಯೂ ಅಂಕ ಕಳೆದೆ. ಮೂರನೆಯದು ಇಬ್ಬರು ಅಣ್ಣತಮ್ಮಂದಿರದು. ಫೋನು ಅಣ್ಣ ಎತ್ತಿದರೆ ಒಂದು ರೇಟು, ತಮ್ಮ ಎತ್ತಿದರೆ ಇನ್ನೊಂದು. ನಾಳೆ ಮನೆ ಹಿಸೆಯಾಗಿ ಹಿಮ ಅಣ್ಣನ ಪಾಲಿಗೂ ಕೋಣೆ ತಮ್ಮನ ಪಾಲಿಗೂ ಬಂದರೆ ನಾವು ಮಲಗುವುದೆಲ್ಲಿ?

ಉಳಿದದ್ದು ಕೊಟ್ಟ ದುಡ್ಡಿಗೆ ತಕ್ಕ ಮಾಲು ಸಿಗುತ್ತದೆಯೇ ಎಂಬ ವಿಚಾರ. ಎಲ್ಲ ರೆಸಾರ್ಟುಗಳೂ ಜಾರುವ ಹಲಗೆ, ಬೂಟು, ಕಲಿಸುವ ಮಾಸ್ತರ ಎಲ್ಲ ಸೇರಿಸಿಯೇ ದರ ಹೇಳುತ್ತಿದ್ದವು. ನಾವು ಜಾರುವವರಲ್ಲ. ಬರೀ ನಡೆಯುವವರಿಗೆ ರಿಯಾಯಿತಿ ಉಂಟೇ ಎಂದು ಕೇಳಿದೆ. ಇಲ್ಲವೆಂದರು. ಹಾಗಾದರೆ ನಡೆಯುವಾಗ ಆಕಸ್ಮಿಕವಾಗಿ ಜಾರಿದರೆ ಅದು ನಾವು ಕೊಟ್ಟ ದುಡ್ಡಿನಲ್ಲಿಯೇ ಬರುತ್ತದೋ ಎಂದೆ. ಆ ಕಡೆಯವರು ಫೋನು ಇಟ್ಟರು.

ಈ ಹಂತದಲ್ಲಿ ಭಾಲ್ಕಿಯಿಂದ ಬಂದವನು ಶಿವರಾಜ. ಸುನಂದಾಳ ತಮ್ಮ, ನನಗೆ ಮಾಮಾ ಎನ್ನುತ್ತಾನೆ. ಭಾಲ್ಕಿಯ ಮಾರುಕಟ್ಟೆಯಲ್ಲಿ ಅವನದು ಅಡತಿ ಅಂಗಡಿ. ರೈತರ ತೊಗರಿ, ಕಡಲೆ ಮಾರಿಸಿಕೊಡುವುದು ಅವನ ಕಸುಬು. ನಾನು ಮೂರೂ ರೆಸಾರ್ಟುಗಳ ಪುರಾಣವನ್ನು ಒಪ್ಪಿಸಿದ ಮೇಲೆ ಅವನು ಚಹಾದ ಬಶಿ ಕೆಳಗಿಟ್ಟು, "ಎಲ್ಲಾ ಖರೇ ಮಾಮಾ, ಆದ್ರ ನಮೂನಿ ನೋಡ್ದಿರೇನ್ರಿ? ನಮೂನಿ ನೋಡ್ಲಾರ್ದ ನಾವು ಚೀಲ ಮುಟ್ಟಂಗಿಲ್ರಿ" ಎಂದ. ಅವರ ವ್ಯಾಪಾರವೇ ಹಾಗೆ. ರೈತ ಮೊದಲು ಅಂಗವಸ್ತ್ರದ ತುದಿಯಲ್ಲಿ ಒಂದು ಹಿಡಿ ಕಾಳು ಕಟ್ಟಿಕೊಂಡು ಬರುತ್ತಾನೆ. ಇವರು ಅದನ್ನು ಅಂಗೈಯಲ್ಲಿ ಹರಡಿ, ಊದಿ, ಒಂದು ಕಾಳು ಕಡಿದು ನೋಡಿ ರೇಟು ಹೇಳುತ್ತಾರೆ. ಅವನು ತಮಾಷೆಗೆ ಅಂದದ್ದೋ ನಿಜವಾಗಿ ಅಂದದ್ದೋ, ನನಗಂತೂ ಕತ್ತಲಲ್ಲಿ ಲೈಟು ಬಂದಂತಾಯಿತು. ಮರುದಿನವೇ ಕಾಶ್ಮೀರದ ರೆಸಾರ್ಟಿಗೆ ಫೋನು ಮಾಡಿ, ನಿಮ್ಮ ಹಿಮದ ನಮೂನೆ ಕೊರಿಯರಿನಲ್ಲಿ ಕಳಿಸಬಹುದೇ, ಖರ್ಚು ನನ್ನದೇ ಎಂದೆ. ಆ ಹುಡುಗಿ ಇನ್ನೊಮ್ಮೆ ಹೇಳಿ ಎಂದಳು. ಹೇಳಿದೆ. ಆಮೇಲೆ ಫೋನು ಕೈಯಿಂದ ಕೈಗೆ ಹೋಯಿತು. ಪ್ರತಿಯೊಬ್ಬರಿಗೂ ನಾನು ಮೊದಲಿನಿಂದ ಹೇಳಬೇಕಾಯಿತು. ಪ್ರತಿ ಸಲವೂ ಹಿಂದಿನಿಂದ ನಗು ಹೆಚ್ಚಾಗುತ್ತಿತ್ತು. ಕೊನೆಗೆ ಒಂದು ಫೋಟೋ ಕಳಿಸಿದರು. ಫೋಟೋ ನಂಬುವವನು ನಾನಲ್ಲ. ಚೀಲದ ಬಾಯಿಗೆ ಒಳ್ಳೆಯ ಕಾಳು ಇಡುವುದು ಯಾರಿಗೆ ಬರುವುದಿಲ್ಲ?

ಹೀಗೆ ಸಂಕ್ರಾಂತಿ ಕಳೆಯಿತು. ಸುನಂದಾ ಮೊದಮೊದಲು ದಿನಾಲೂ, "ಎಲ್ಲಿಗಿ ಬಂತ್ರಿ?" ಎಂದು ಕೇಳುತ್ತಿದ್ದಳು. ಆಮೇಲೆ ವಾರಕ್ಕೊಮ್ಮೆ ಕೇಳಿದಳು. ಆಮೇಲೆ ಕೇಳುವುದನ್ನೇ ಬಿಟ್ಟಳು. ಸಂಜೆ ಕಾಲು ಚಾಚಿ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಸುಮ್ಮನೆ ಕೂಡುತ್ತಿದ್ದಳು. ಆಗಲೇ ನನಗೆ ಹೆದರಿಕೆಯಾಗಬೇಕಿತ್ತು. ಆದರೆ ನಾನು ಆಗಷ್ಟೇ ಸ್ವಿಟ್ಜರ್‌ಲೆಂಡಿನ ಹಿಮವನ್ನೂ ಹೋಲಿಕೆಗೆ ತೆಗೆದುಕೊಂಡಿದ್ದೆ. ಹೋಗಲಿಕ್ಕಲ್ಲ, ತಿಳಿದಿರಲಿ ಎಂದು.

ಒಂದು ಭಾನುವಾರ ಶಿವರಾಜನ ಫೋನು ಬಂತು. "ಮಾಮಾ, ಬರೂ ಗುರುವಾರ ಹೊಂಟೀವ್ರಿ. ನಾನು, ನಮ್ಮ ಮನಿಯಾಕಿ, ಔರಾದದ ದೊಡ್ಡಕ್ಕ. ಇಲ್ಲಿ ಭಾಲ್ಕಿಗಿ ಸೇಬು ತರಸ್ತಾರಲ್ರಿ, ಆ ಹಣ್ಣಿನ ವ್ಯಾಪಾರಿ ನಮ್ಮ ದೋಸ್ತ. ಅವನಿಗಿ ಹಿಮಾಚಲದಾಗಿಂದ ಮಾಲು ಕಳಸೋ ತೋಟದವ ಮನೀಗೇ ಬರ್ರಿ ಅಂದಾನ. ಮನಿ ಮುಂದೇ ಬರ್ಫ್ ಬಿದ್ದದಂತ. ನೀವು, ಅಕ್ಕ ಬರ್ತೀರೋ ಇಲ್ಲೋ, ಸಂಜಿತನಾ ಹೇಳ್ರಿ" ಎಂದ. ನನಗೆ ಅವಮಾನವಾಯಿತು. ಆ ಊರಿನ ಹೆಸರು ನನ್ನ ಹೋಲಿಕೆಯಲ್ಲಿ ಎಲ್ಲಿಯೂ ಇರಲಿಲ್ಲ. ಯಾರೂ ಅಲ್ಲಿನ ಹಿಮದ ಬಗ್ಗೆ ಒಂದು ಸಾಲು ಬರೆದಿರಲಿಲ್ಲ. "ಹಿಂದ ಮುಂದ ನೋಡ್ಲಾರ್ದ ಎಲ್ಲಾದ್ರೂ ಹೋಗಿ ಬೀಳೋರು ನೀವು, ನಾ ಬರಂಗಿಲ್ಲ. ಇನ್ನೊಂದೆರಡು ನೋಡೋದದ" ಎಂದುಬಿಟ್ಟೆ. ಸುನಂದಾಳೂ ಹಾಗೆಯೇ ಹೇಳುತ್ತಾಳೆಂದು ಫೋನು ಅವಳ ಕೈಗೆ ಕೊಟ್ಟೆ. ಅವಳು ತಮ್ಮನಿಗೆ, "ನಂದೊಂದು ಟಿಕೀಟ್ ತಗಸು" ಎಂದು ಹೇಳಿ ಫೋನು ಇಟ್ಟು ನನ್ನ ಕಡೆ ತಿರುಗಿದಳು. "ನೀವು ನೋಡ್ಕೋತ ಇರ್ರಿ. ನಾ ತುಳಕೊಂಡ್ ಬರ್ತೇನಿ."

ಬೀದರಿನ ಸ್ಟೇಷನ್ನಿಗೆ ಕಳಿಸಲು ಹೋದೆ. ಔರಾದದ ಅಕ್ಕ ಯೂರಿಯಾ ಚೀಲವೊಂದರಲ್ಲಿ ಖಡಕ್ ರೊಟ್ಟಿ ಒಟ್ಟಿಕೊಂಡು ಬಂದಿದ್ದರು. ಬರ್ಫದ ಊರಿನಲ್ಲಿ ಊಟ ಹೇಗೋ ಏನೋ ಎಂಬ ಅವರ ಚಿಂತೆ ನನ್ನೆಲ್ಲ ಸಂಶೋಧನೆಗಿಂತ ಮುಂದಿತ್ತು. ಗಾಡಿ ಬಿಡುವತನಕ ಕಿಟಕಿ ಹಿಡಿದುಕೊಂಡು, ಹಸಿ ಹಿಮ ಸಿಕ್ಕರೆ ಕಾಲಿಡಬೇಡ, ಒಣ ಹಿಮವಾದರೆ ಮಾತ್ರ ಇಡು ಎಂದು ಹೇಳುತ್ತಲೇ ಇದ್ದೆ. ಸುನಂದಾ ಹೂಂ ಹೂಂ ಎನ್ನುತ್ತ ಒಲೆಯ ಮೇಲೆ ಏನಿದೆ, ಫ್ರಿಜ್ಜಿನಲ್ಲಿ ಏನಿದೆ ಎಂದು ಹೇಳುತ್ತಿದ್ದಳು. ಗಾಡಿ ಹೋದ ಮೇಲೆ ಖಾಲಿ ಪ್ಲಾಟ್‌ಫಾರ್ಮಿನಲ್ಲಿ ನಿಂತಾಗ, ಕಿಟಕಿಯ ಹೊರಗೆ ನಿಲ್ಲುವುದಕ್ಕಿಂತ ಒಳಗೆ ಕೂಡುವುದು ಎಷ್ಟೋ ಒಳ್ಳೆಯದಿತ್ತೆಂದು ಹೊಳೆಯಿತು. ಇದೊಂದು ಹೋಲಿಕೆಯನ್ನು ನಾನು ಮೊದಲೇ ಮಾಡಬೇಕಿತ್ತು.

ಅಲ್ಲಿಂದ ವಿಡಿಯೋ ಕರೆ ಬಂದಾಗ ನಾನು ಸಾಲೆಯ ಸ್ಟಾಫ್ ರೂಮಿನಲ್ಲಿದ್ದೆ. ಸೀರೆಯ ಮೇಲೆ ಎರಡು ಸ್ವೆಟರ್, ತಲೆಗೆ ತಮ್ಮನ ಮಂಕಿ ಕ್ಯಾಪ್, ಕಾಲಿಗೆ ತೋಟದವನ ಹೆಂಡತಿಯ ರಬ್ಬರ್ ಬೂಟು ಹಾಕಿಕೊಂಡು ಸುನಂದಾ ಎಲೆ ಉದುರಿದ ಸೇಬಿನ ಗಿಡಗಳ ನಡುವೆ ಒಂದೊಂದೇ ಹೆಜ್ಜೆ ಇಡುತ್ತಿದ್ದಳು. ಮೂಗು ಕೆಂಪಾಗಿತ್ತು. ಕಣ್ಣಲ್ಲಿ ನೀರಿತ್ತು, ಚಳಿಗೋ ಬೇರೆಯದಕ್ಕೋ ತಿಳಿಯಲಿಲ್ಲ. ಅಷ್ಟು ಖುಷಿಯಾದ ಮುಖ ಅವಳಲ್ಲಿ ನಾನು ನೋಡಿರಲಿಲ್ಲ. ಆದರೂ ಬುದ್ಧಿ ಎಲ್ಲಿ ಹೋಗುತ್ತದೆ? "ಹ್ಯಾಂಗದ? ಹಿಟ್ಟಿನಂಗದೋ, ರವಾದಂಗದೋ?" ಎಂದು ಕೇಳಿದೆ. ಅವಳು ಕೆಳಗೆ ನೋಡಿದಳು, ಬಗ್ಗಿ ಒಂದು ಹಿಡಿ ಎತ್ತಿಕೊಂಡಳು, ಸ್ವಲ್ಪ ವಿಚಾರ ಮಾಡಿ, "ತಣ್ಣಗ ಅದರಿ" ಎಂದಳು. ಅಷ್ಟರಲ್ಲಿ ಅವಳ ಹಿಂದಿನಿಂದ ಔರಾದದ ಅಕ್ಕ ಖಾಲಿಯಾದ ಯೂರಿಯಾ ಚೀಲದ ಮೇಲೆ ಕೂತು, "ಯವ್ವಾ ಯವ್ವಾ" ಎಂದು ಕೂಗುತ್ತ ಇಳಿಜಾರಿನಲ್ಲಿ ಜರ್ರನೆ ಹಾದುಹೋದರು. ಹಲಗೆಯಿಲ್ಲ, ಬೂಟಿಲ್ಲ, ಮಾಸ್ತರನಿಲ್ಲ. ಕೊಟ್ಟ ದುಡ್ಡಿಗೆ ತಕ್ಕ ಮಾಲು ಎಂದರೆ ಏನೆಂದು ನನಗೆ ಆ ದಿನ ಕಣ್ಣಿಗೆ ಕಂಡಿತು.

ಅವರು ತಿರುಗಿ ಬಂದ ದಿನ ಸುನಂದಾ ಚೀಲದಿಂದ ಮೊದಲು ಹೊರತೆಗೆದದ್ದು ಚಹಾದ ಫ್ಲಾಸ್ಕು. "ನಮೂನಿ ಕೇಳಿದ್ರಲ್ಲಾ. ಒತ್ತಿ ಒತ್ತಿ ತುಂಬ್ಕೊಂಡ್ ಬಂದೀನಿ" ಎಂದು ನನ್ನ ಕೈಯಲ್ಲಿಟ್ಟಳು. ಸೆರಗಿನಲ್ಲಿ ಸುತ್ತಿ ಗಾಡಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದಳಂತೆ. ಮುಚ್ಚಳ ತಿರುವಿದೆ. ಒಳಗೆ ಬರೀ ನೀರು. ಶಿವರಾಜ ಹೊಟ್ಟೆ ಹಿಡಿದು ನಗುತ್ತ, "ಮಾಲು ಪಸಂದ್ ಅದಾ ಮಾಮಾ?" ಎಂದ. ಸ್ವಲ್ಪ ಅಂಗೈಗೆ ಸುರುವಿಕೊಂಡು ಕುಡಿದೆ. ಚಹಾದ ವಾಸನೆಯಿತ್ತು. ಅದನ್ನು ಹೇಳಲೂ ಹೊರಟಿದ್ದೆ. ಅವಳ ಮುಖ ನೋಡಿ, ಜೀವಮಾನದಲ್ಲಿ ಮೊದಲ ಸಲ, ಗುಣದೋಷ ಹೇಳದೆ ಬಾಯಿ ಮುಚ್ಚಿಕೊಂಡೆ.

ಉಳಿದ ನೀರನ್ನು ಚೆಲ್ಲಲು ಮನಸ್ಸಾಗಲಿಲ್ಲ. ಯಾರಿಗೂ ಹೇಳದೆ ಅಡುಗೆಮನೆಯಿಂದ ಒಂದು ಸಣ್ಣ ಪರಾತ, ಅಂದರೆ ಅಂಚಿರುವ ಅಗಲ ತಟ್ಟೆ, ತೆಗೆದು, ಅದರಲ್ಲಿ ಸುರುವಿ, ಬಟಾಣಿ ಪೊಟ್ಟಣ ಸರಿಸಿ ಫ್ರಿಜ್ಜಿನ ಮೇಲಿನ ಖಾನೆಯಲ್ಲಿಟ್ಟೆ. ಮುಂಜಾನೆ ಎಲ್ಲರಿಗಿಂತ ಮೊದಲು ಎದ್ದು ನೋಡಿದರೆ ಹೆಪ್ಪುಗಟ್ಟಿತ್ತು. ನೆಲದ ಮೇಲಿಟ್ಟು, ಪೈಜಾಮಾ ಮೇಲೆತ್ತಿ, ಗೋಡೆ ಹಿಡಿದುಕೊಂಡು ಬಲಗಾಲು ಅದರಲ್ಲಿಟ್ಟೆ. ಅಂಗಾಲಿನಿಂದ ನೆತ್ತಿಯತನಕ ಝುಮ್ಮೆಂದಿತು. ಅವಳ ಜೊತೆ ಆ ಗಿಡಗಳ ನಡುವೆ ನಾನೂ ನಡೆಯಬೇಕಿತ್ತು ಎಂದು ಬಹಳ ಕೆಟ್ಟದೆನಿಸಿತು. ಹಾಗೆಯೇ ಕಣ್ಣು ಮುಚ್ಚಿ ನಿಂತಿರುವಾಗ ಬಾಗಿಲಲ್ಲಿ ಸಪ್ಪಳವಾಯಿತು. ಸುನಂದಾ ಗೋಡೆಗೆ ಆತುಕೊಂಡು ನಿಂತು ನನ್ನ ಮುಖ ನೋಡಿದಳು, ಕಾಲು ನೋಡಿದಳು.

"ಹ್ಯಾಂಗದರಿ?" ಎಂದಳು.

ಹುಡಿ ಹಿಮ, ಹಸಿ ಹಿಮ, ಕಾಶ್ಮೀರ, ಸ್ವಿಟ್ಜರ್‌ಲೆಂಡ್, ಒಂದು ಚಳಿಗಾಲವಿಡೀ ಕೂಡಿಟ್ಟ ಜ್ಞಾನವೆಲ್ಲ ತಲೆಯಲ್ಲಿ ಹುಡುಕಾಡಿದೆ.

"ತಣ್ಣಗ ಅದ" ಎಂದೆ.

"ಹಂಗಾದ್ರ ಕಾಲು ತಗೀರಿ" ಎಂದಳು. "ಅದು ನಾ ರೊಟ್ಟಿ ಹಿಟ್ಟು ನಾದೋ ಪರಾತ."