ನೆರಳು ತಿನ್ನುವ ಪ್ರಾಣಿಗೆ ಅನುಮತಿಯಿಲ್ಲದೆ ಹೆಸರಿಟ್ಟಿರುವ ಕುರಿತು

ರ‍್ಯಾರಿಟನ್ ತೀರದ ಕನ್ನಡ ಬಳಗ, ನ್ಯೂಜೆರ್ಸಿ
ಪದ ಪರಿಶೀಲನಾ ಉಪಸಮಿತಿ

ಸುತ್ತೋಲೆ ಸಂಖ್ಯೆ: ಪಪಉಸ/ಇಲ್ಲದ ಪದ/೧೭/೧೯೯೯
ದಿನಾಂಕ: ೧೮ ಅಕ್ಟೋಬರ್ ೧೯೯೯

ವಿಷಯ: ಮಾಂತ್ರಿಕ ಕಾದಂಬರಿಯ ಅನುವಾದದಲ್ಲಿ ಸ್ವಂತ ಪದ ಸೃಷ್ಟಿಸಿರುವ ಬಗ್ಗೆ.

ಉಲ್ಲೇಖ: ೧. ಓಲ್ಡ್ ಬ್ರಿಡ್ಜ್‌ನ ಶ್ರೀಮತಿ ಸುಪ್ರಿಯಾ ಅವರ ಹಸ್ತಪ್ರತಿ.
೨. ಸದರಿಯವರ ಅತ್ತೆ ಕಮಲವ್ವನವರ ಮೌಖಿಕ ಹೇಳಿಕೆ.

ಶ್ರೀಮತಿ ಸುಪ್ರಿಯಾ ಅವರು ಮಗಳು ದಿಯಾ ಓದುತ್ತಿರುವ ಇಂಗ್ಲಿಷ್ ಮಾಂತ್ರಿಕ ಕಾದಂಬರಿಯೊಂದನ್ನು ಕನ್ನಡಕ್ಕೆ ತಂದಿದ್ದು, ಅದರ ಮೊದಲ ಅಧ್ಯಾಯವನ್ನು ನವೆಂಬರ್ ೧೩ರ ರಾಜ್ಯೋತ್ಸವದಲ್ಲಿ ಕಮಲವ್ವನವರು ಮಕ್ಕಳಿಗೆ ಓದಿ ಹೇಳುವುದೆಂದು ನಿಗದಿಯಾಗಿತ್ತು. ಮನುಷ್ಯರ ನೆರಳು ತಿಂದು ತೇಗುವ ಪ್ರಾಣಿಯೊಂದು ಅದರಲ್ಲಿದೆ. ಮೂಲ ಲೇಖಕರು ಅದಕ್ಕೆ ಯಾವ ಭಾಷೆಯಲ್ಲೂ ಇಲ್ಲದ ಹೆಸರಿಟ್ಟಿದ್ದಾರೆ. ಗದಗದಿಂದ ಆರು ತಿಂಗಳ ಮಟ್ಟಿಗೆ ಬಂದಿರುವ ಕಮಲವ್ವನವರು ಯಾವ ಸಭೆಯನ್ನೂ ಕರೆಯದೆ, ಒಲೆಯ ಮುಂದೆ ನಿಂತಲ್ಲೇ ಅದನ್ನು ‘ಗುಳುಂಬ’ ಎಂದು ಕರೆದಿರುವುದು ಉಪಸಮಿತಿಯ ಗಮನಕ್ಕೆ ಬಂದಿದೆ. ಆದ್ದರಿಂದ ಈ ಮೂಲಕ ಸೂಚಿಸಲಾಗಿದೆ:

೧. ಹೊಸದಾಗಿ ಸೃಷ್ಟಿಸುವ ಪ್ರತಿ ಪದವೂ ಈಗಾಗಲೇ ನಿಘಂಟಿನಲ್ಲಿ ಇರತಕ್ಕದ್ದು.

೨. ‘ಗುಳುಂಬ’ದ ಬದಲು ‘ಛಾಯಾಭಕ್ಷಣಾನಂತರೋದ್ಗಾರಿ’ ಎಂದು ಬಳಸತಕ್ಕದ್ದು. ಪ್ರಾಣಿಯನ್ನು ಕಂಡ ಪಾತ್ರಗಳು ಈ ಹೆಸರನ್ನು ಪೂರ್ತಿಯಾಗಿ ಕೂಗಿದ ನಂತರವೇ ಓಡತಕ್ಕದ್ದು. ಅಷ್ಟರಲ್ಲಿ ನೆರಳು ಕಳೆದುಕೊಂಡವರಿಗೆ ಉಪಸಮಿತಿ ಹೊಣೆಯಲ್ಲ.

೩. ಪ್ರತಿ ಪದವನ್ನೂ ಪುಸ್ತಕ ಓದದ ಮೂವರು ಸದಸ್ಯರಿಂದ ಟೆಸ್ಟಿಂಗ್ ಮಾಡಿಸತಕ್ಕದ್ದು. ಓದಿದವರಿಗೆ ಅರ್ಥವಾಗಿಬಿಡುವ ಸಂಭವವಿರುವುದರಿಂದ ಅವರನ್ನು ಅನರ್ಹಗೊಳಿಸಲಾಗಿದೆ.

೪. ೨೦೦೦ದ ಜನವರಿ ಒಂದರ ನಂತರವೂ ಪದವು ಇದೇ ಅರ್ಥ ಕೊಡುವುದೆಂದು ಅನುವಾದಕರು, ಕಂಪ್ಯೂಟರುಗಳಿಗೆ ಕೊಡುವಂತೆ, ವೈಟುಕೆ (Y2K) ಇಸವಿದೋಷವಿಲ್ಲವೆಂಬ ಪ್ರಮಾಣಪತ್ರ ಸಲ್ಲಿಸತಕ್ಕದ್ದು. ಅಂದು ಪದವು ೧೯೦೦ನೇ ಇಸವಿಗೆ ಹಿಂದಿರುಗಿ ಹಳೆಯ ಅರ್ಥ ಕೊಡಲಾರಂಭಿಸಿದರೆ ಅದನ್ನು ಸರಿಪಡಿಸುವ ಖರ್ಚೂ ಅವರದೇ.

೫. ಪ್ರಾಣಿಯ ಪಾಸ್‌ಪೋರ್ಟ್ ಅಳತೆಯ ಭಾವಚಿತ್ರ, ಎರಡು ಪ್ರತಿ. ಪ್ರಾಣಿ ಇಲ್ಲದಿದ್ದಲ್ಲಿ, ಇಲ್ಲವೆಂಬುದಕ್ಕೆ ನೋಟರಿಯ ಸಹಿ.

೬. ಪದವೊಂದರ ಮಂಜೂರಾತಿಗೆ ಹದಿನಾಲ್ಕು ವಾರ ಹಿಡಿಯುತ್ತದೆ. ನವೆಂಬರ್ ೨೦ಕ್ಕೆ ಕಮಲವ್ವನವರ ವಿಮಾನವಿರುವುದು ಅವರ ವೈಯಕ್ತಿಕ ವಿಷಯ. ಅವರ ವಾಚನವನ್ನು ರದ್ದುಪಡಿಸಲಾಗಿದ್ದು, ಅದೇ ನಲವತ್ತು ನಿಮಿಷ ಸಂಚಾಲಕರು ಅಂಗೀಕೃತ ಪದಪಟ್ಟಿಯನ್ನು ಅಕಾರಾದಿಯಾಗಿ ಓದುವರು. ಮಕ್ಕಳು ಸೂಚನೆ ಬಂದಾಗ ಭಯಪಡತಕ್ಕದ್ದು.

೭. ವಿವರಣೆ ಕೇಳಲಾಗಿ ಕಮಲವ್ವನವರು, “ಹುಡುಗ್ರು ಅಂಜಿ, ನಕ್ಕೋತ ಬಂದು ನನ್ನ ಸೆರಗ ಹಿಡದ್ರು. ಹೆಸರು ಸರಿ ಐತಿ ಅಂತ ಅಷ್ಟರಾಗ ತಿಳೀತ್ರಿ ನನಗ” ಎಂದಿದ್ದಾರೆ. ಸೆರಗು ಹಿಡಿಯುವುದನ್ನು ಪರಿಶೀಲನಾ ವಿಧಾನವೆಂದು ಮಾನ್ಯ ಮಾಡಲಾಗಿಲ್ಲ. ಸದಸ್ಯರು ತಮ್ಮ ಮಕ್ಕಳಿಗೆ ಕೊನೆಯ ಸಲ ಕಥೆ ಹೇಳಿದ್ದು ಯಾವಾಗ ಎಂದೂ ಅವರು ಕೇಳಿದ್ದು, ಕಾರ್ಯಸೂಚಿಯಲ್ಲಿ ಇಲ್ಲದ್ದರಿಂದ ಆ ಪ್ರಶ್ನೆಯನ್ನು ಕಡತಕ್ಕೆ ಸೇರಿಸಿಲ್ಲ.

೮. ಕಳೆದ ಶನಿವಾರ ಪಿಸ್ಕಾಟವೇಯಲ್ಲಿ ನಡೆದ ಸದರಿ ವಾಚನದ ತಾಲೀಮಿನಲ್ಲಿ ಹನ್ನೊಂದು ಮಕ್ಕಳು “ಗುಳುಂಬ ಬಂತು, ನೆರಳು ಮುಚ್ಕೋ” ಎನ್ನುತ್ತ ಪಡಸಾಲೆಯ ತುಂಬ ಓಡಾಡಿರುವುದು ತೀವ್ರ ವಿಷಾದದ ಸಂಗತಿ. ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದ ಅಧ್ಯಕ್ಷರ ಮಗ ರಿಷಿ (೯ ವರ್ಷ) ಮನೆಗೆ ಹೋಗಿ, “ಅಮ್ಮಾ, ಗುಳುಂಬ ನನ್ನ ನೆರಳೂ ತಿನ್ನುತ್ತಾ?” ಎಂದು ಕೇಳಿರುತ್ತಾನೆ. ಹುಟ್ಟಿದಾಗಿನಿಂದ ಅವನಾಡಿದ ಮೊದಲ ಪೂರ್ಣ ಕನ್ನಡ ವಾಕ್ಯ ಇದಾಗಿದ್ದು, ಅದರಲ್ಲಿ ಮಂಜೂರಾಗದ ಪದವಿದೆ. ಮುಂದಿನ ಆದೇಶದವರೆಗೆ ಮಕ್ಕಳು ಎಂದಿನಂತೆ ಇಂಗ್ಲಿಷಿನಲ್ಲೇ ಮಾತನಾಡತಕ್ಕದ್ದು.

ಅಧ್ಯಕ್ಷ ಮೃತ್ಯುಂಜಯ ಅವರ ಆದೇಶಾನುಸಾರ,

ಸಹಿ/-
ಬದರಿ
ಸಂಚಾಲಕರು, ಪದ ಪರಿಶೀಲನಾ ಉಪಸಮಿತಿ

ಪ್ರತಿಗಳು:
೧. ಶ್ರೀಮತಿ ಸುಪ್ರಿಯಾ, ಓಲ್ಡ್ ಬ್ರಿಡ್ಜ್: ಪಾಲನೆಗಾಗಿ.
೨. ಕಮಲವ್ವನವರು: ತಂದ ಪದಗಳನ್ನು ಮರಳಿ ಒಯ್ಯುವ ಸೂಚನೆಯೊಂದಿಗೆ.
೩. ಹನ್ನೊಂದು ಮಕ್ಕಳು: ಇಂಗ್ಲಿಷ್ ಅನುವಾದ ಲಗತ್ತಿಸಿದೆ.
೪. ಅಧ್ಯಕ್ಷರ ಪತ್ನಿ ಶ್ರೀಮತಿ ಸೌಜನ್ಯಾ: ಮಗನ ಸದರಿ ಪ್ರಶ್ನೆಗೆ ಕನ್ನಡದಲ್ಲೇ ಉತ್ತರಿಸಿ, ಬಳಿಕ ಕಣ್ಣೊರೆಸಿಕೊಂಡಿರುವ ಬಗ್ಗೆ ಮೂರು ದಿನಗಳೊಳಗೆ ಲಿಖಿತ ವಿವರಣೆ ಕೋರಿ.